ಬೆಲ್ಲ ಆಗುವವರೆಗೆ: ವಿಶೇಷ ಅಗತ್ಯವುಳ್ಳ ಪುಟ್ಟ ಮಕ್ಕಳ ಯೋಜನಾ ಕಲಿಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ತರಗತಿ ಇದೆ. ನಾಲ್ಕರಿಂದ ಎಂಟು ವರ್ಷದೊಳಗಿನ ಹನ್ನೊಂದು ಮಕ್ಕಳು ಬೆಳಗಿನ ಹೊತ್ತು ಬರುತ್ತಾರೆ. ಆಟಿಸಂ ಇರುವವರು, ಡೌನ್ ಸಿಂಡ್ರೋಮ್ ಇರುವವರು, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದುಕೊಂಡವರು, ಕಿವಿ ಕೇಳಿಸದವರು, ವೈದ್ಯರು ಇನ್ನೂ ಯಾವ ಹೆಸರನ್ನೂ ಕೊಡದೆ ‘ಬೆಳವಣಿಗೆ ನಿಧಾನ’ ಎಂದಷ್ಟೇ ಬರೆದಿರುವವರು ಇದ್ದಾರೆ. ಮಗುವನ್ನು ಸೇರಿಸಲು ಬರುವ ತಂದೆತಾಯಿ, ಅಂಗನವಾಡಿ ಕಾರ್ಯಕರ್ತೆಯರು, ಸುತ್ತಲಿನ ಊರುಗಳ ಶಾಲೆಯ ಶಿಕ್ಷಕಿಯರು, ಯೋಜನೆ ಅಂದರೆ ಪ್ರಾಜೆಕ್ಟ್ ಮೂಲಕ ಕಲಿಸುವ ನಮ್ಮ ರೀತಿಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎದುರು ಕೂತಾಗ ಕೊಡುವ ಉತ್ತರಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಾಜೆಕ್ಟ್ ಎಂದರೆ ಶಾಲೆಯವರು ಮನೆಗೆ ಕೊಟ್ಟು ಕಳಿಸುವ ಥರ್ಮೋಕೋಲ್ ಮಾದರಿ, ಚಾರ್ಟ್ ತಾನೇ?

ಹೆಸರು ಒಂದೇ, ಕೆಲಸ ಬೇರೆ. ಥರ್ಮೋಕೋಲ್ ಮಾದರಿಯನ್ನು ಅಪ್ಪ ಕತ್ತರಿಸಿ, ಅಮ್ಮ ಬಣ್ಣ ಬಳಿದು, ಮಗು ಮಲಗಿದ ಮೇಲೆ ಮುಗಿಸುವ ಮನೆಗಳೇ ಹೆಚ್ಚು. ನಾವು ಯೋಜನೆ ಎನ್ನುವುದು ಮಕ್ಕಳ ಸುತ್ತ ದಿನವೂ ನಡೆಯುವ ಒಂದು ಸಂಗತಿಯನ್ನು ಹಿಡಿದು ಕೆಲವು ವಾರ ಅದರ ಬೆನ್ನು ಹತ್ತುವುದಕ್ಕೆ. ಬೆಲ್ಲ ಹೇಗೆ ಆಗುತ್ತದೆ? ನಮ್ಮ ಬೀದಿಗೆ ನೀರು ಎಲ್ಲಿಂದ ಬರುತ್ತದೆ? ಮಲ್ಲಿಗೆ ಮಾಲೆ ಕಟ್ಟುವವರು ನಾರನ್ನು ಎಲ್ಲಿಂದ ತರುತ್ತಾರೆ? ಮಕ್ಕಳು ಹೋಗಿ ನೋಡುತ್ತಾರೆ, ಮುಟ್ಟುತ್ತಾರೆ, ಮೂಸುತ್ತಾರೆ, ತರಗತಿಗೆ ಬಂದು ಮಾಡಿ ನೋಡುತ್ತಾರೆ, ಕೊನೆಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡುತ್ತಾರೆ ಅಥವಾ ತೋರಿಸುತ್ತಾರೆ. ಈ ದಾರಿಯಲ್ಲಿ ಪ್ರತಿ ಮಗುವಿಗೂ ಒಂದು ನಿಜವಾದ ಕೆಲಸ ಇರಬೇಕು. ಅದು ಎಷ್ಟೇ ಚಿಕ್ಕದಿರಲಿ, ಆ ಮಗು ಮಾಡದಿದ್ದರೆ ಎಲ್ಲರ ಕೆಲಸ ನಿಲ್ಲುವಂಥದ್ದಾಗಿರಬೇಕು. ನಮ್ಮ ತರಗತಿಯಲ್ಲಿ ನಾನು ಬಿಟ್ಟುಕೊಡದ ನಿಯಮ ಇದೊಂದೇ.

ಇದು ಹೊರದೇಶದ ಪದ್ಧತಿ ಅಲ್ಲವೇ? ನಮ್ಮ ಕಡೆ ನಡೆಯುತ್ತದೆಯೇ?

‘ಪ್ರಾಜೆಕ್ಟ್ ಪದ್ಧತಿ’ ಎಂಬ ಮಾತನ್ನು ಎಲ್ಲೆಡೆ ಬಳಕೆಗೆ ತಂದವರು ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್, 1918ರಲ್ಲಿ. ಅವರಿಗೆ ದಾರಿ ತೋರಿದವರು ಅಲ್ಲಿನದೇ ತತ್ತ್ವಜ್ಞಾನಿ ಜಾನ್ ಡ್ಯೂಯಿ. ಆದರೆ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈಕೆಲಸದ ಮೂಲಕವೇ ಕಲಿಕೆ ಎಂದಿತು. ಇನ್ನೂ ಹತ್ತಿರಕ್ಕೆ ಬನ್ನಿ. ಈಗ ರಾಜ್ಯದಾದ್ಯಂತ ಗೊತ್ತಿರುವ ನಲಿ-ಕಲಿ 1995ರಲ್ಲಿ ಶುರುವಾದದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಮೆಟ್ಟಿಲು ಏರಲಿ ಎಂದು ಕಾರ್ಡುಗಳನ್ನು ಜೋಡಿಸಿದರು. ನಲಿ-ಕಲಿ ಯೋಜನಾ ಕಲಿಕೆ ಅಲ್ಲ, ನಿಜ. ಆದರೆ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪುಟದಲ್ಲಿ ಇರಬೇಕಾಗಿಲ್ಲ ಎನ್ನುವುದನ್ನು ನಮ್ಮ ಶಾಲೆಗಳು ಒಪ್ಪಿಕೊಂಡು ಬಹಳ ಕಾಲವಾಯಿತು. ನಮ್ಮ ಮಕ್ಕಳಿಗೆ ಬೇಕಾದ ಮೊದಲ ಅನುಕೂಲ ಅದೇ.

ಒಂದು ಯೋಜನೆ ಮೊದಲಿನಿಂದ ಕೊನೆಯವರೆಗೆ ಹೇಗೆ ನಡೆಯುತ್ತದೆ? ಉದಾಹರಣೆ ಕೊಡಿ.

ಕಳೆದ ಸಂಕ್ರಾಂತಿಯ ಸುಮಾರಿಗೆ ಮಾಡಿದ ಬೆಲ್ಲದ ಯೋಜನೆಯನ್ನೇ ಹೇಳುತ್ತೇನೆ. ಆರು ವಾರ ನಡೆಯಿತು.

ಮೊದಲ ವಾರ ತರಗತಿಯ ನಡುವೆ ಎರಡು ಕಬ್ಬಿನ ಜಲ್ಲೆ ಮತ್ತು ಒಂದು ಅಚ್ಚು ಬೆಲ್ಲ ಇಟ್ಟು ಸುಮ್ಮನೆ ಕೂತೆವು. ಒಬ್ಬ ಜಲ್ಲೆಯನ್ನು ನೆಲಕ್ಕೆ ಬಡಿದು ಸದ್ದು ಕೇಳಿದ. ಒಬ್ಬಳು ಗೆಣ್ಣುಗಳ ಮೇಲೆ ಬೆರಳಾಡಿಸಿದಳು. ಇಬ್ಬರು ಬೆಲ್ಲವನ್ನು ನೆಕ್ಕಿದರು. ಒಬ್ಬ ಮೂಲೆಗೆ ಹೋಗಿ ಗೋಡೆ ನೋಡುತ್ತ ನಿಂತ. ನಾವು ಎಲ್ಲವನ್ನೂ ಬರೆದುಕೊಂಡೆವು, ಏಕೆಂದರೆ ಯಾರಿಗೆ ಯಾವ ಕೆಲಸ ಕೊಡಬೇಕೆಂಬುದು ಅಲ್ಲೇ ಇತ್ತು. ಸದ್ದು ಕೇಳಿದವನಿಗೆ ಜಲ್ಲೆ ಮುರಿಯುವ ಕೆಲಸ, ಬೆರಳಾಡಿಸಿದವಳಿಗೆ ಗೆಣ್ಣು ಎಣಿಸುವ ಕೆಲಸ ಸಿಕ್ಕಿತು. ಗೋಡೆ ನೋಡಿದವನ ಕೆಲಸ ಮಾತ್ರ ನಮಗೆ ಮೂರನೇ ವಾರದಲ್ಲಿ ಹೊಳೆಯಿತು. ಅವನ ವಿಷಯ ಮುಂದೆ ಬರುತ್ತದೆ.

ಎರಡನೇ ವಾರ ಊರ ಹೊರಗಿನ ಒಂದು ಆಲೆಮನೆಗೆ ಹೋದೆವು. ಎಲ್ಲರೂ ಒಟ್ಟಿಗೆ ಹೋಗಲಿಲ್ಲ. ಮೂರು ನಾಲ್ಕು ಮಕ್ಕಳಂತೆ ಮೂರು ದಿನ, ತಾಯಂದಿರೊಡನೆ. ಯಜಮಾನರು ಮೊದಲ ದಿನ ಹಿಂಜರಿದರು. ಎರಡನೇ ದಿನ ತಾವೇ ಗಾಣ ನಿಲ್ಲಿಸಿ, ‘ಬಾ ತಾಯಿ, ಮುಟ್ಟಿ ನೋಡು’ ಎಂದು ಮಕ್ಕಳನ್ನು ಹತ್ತಿರ ಕರೆದರು.

ಮೂರು ಮತ್ತು ನಾಲ್ಕನೇ ವಾರ ತರಗತಿಯಲ್ಲೇ ಬೆಲ್ಲ ಮಾಡಲು ಕೂತೆವು. ಐದು ಲೀಟರ್ ಕಬ್ಬಿನ ಹಾಲು, ಅಗಲ ಬಾಯಿಯ ಪಾತ್ರೆ, ಗ್ಯಾಸ್ ಒಲೆ. ಒಲೆಯಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮಕ್ಕಳನ್ನು ಗೆರೆಯ ಆಚೆ ಕೂರಿಸಿದೆವು. ಕಾಲು ಗಂಟೆಗೊಮ್ಮೆ ದೊಡ್ಡವರು ಒಂದು ಮರದ ಕಡ್ಡಿಯನ್ನು ಪಾತ್ರೆಗೆ ಅದ್ದಿ ತೆಗೆಯುವುದು, ಒದ್ದೆಯಾದಷ್ಟಕ್ಕೆ ಮಕ್ಕಳು ಪೆನ್ನಿನಿಂದ ಗೀಟು ಹಾಕುವುದು. ಗೀಟುಗಳು ಕೆಳಗಿಳಿಯುತ್ತ ಹೋದವು. ಏಳು ವರ್ಷದ ಒಬ್ಬ ಹುಡುಗ, ಎರಡು ಪದಕ್ಕಿಂತ ಹೆಚ್ಚು ಜೋಡಿಸದವನು, ಕಡ್ಡಿ ಹಿಡಿದು ಕೇಳಿದ: ‘ಹಾಲು ಎಲ್ಲಿ ಹೋಯಿತು?’

ಅಂದಿನಿಂದ ಯೋಜನೆ ಆ ಪ್ರಶ್ನೆಯ ಹಿಂದೆ ನಡೆಯಿತು. ಮರುದಿನ ಆವಿಗೆ ತಣ್ಣನೆಯ ಸ್ಟೀಲ್ ತಟ್ಟೆ ಅಡ್ಡ ಹಿಡಿದು, ಅಂಟಿದ ಹನಿಗಳನ್ನು ಲೋಟಕ್ಕೆ ಇಳಿಸಿ ಆರಲು ಬಿಟ್ಟೆವು. ಡೌನ್ ಸಿಂಡ್ರೋಮ್ ಇರುವ ಆರು ವರ್ಷದ ಹುಡುಗಿ ಮೊದಲು ನೆಕ್ಕಿದಳು. ಸಿಹಿ ಇರುತ್ತದೆ ಎಂದು ಬಾಯಿ ಚಪ್ಪರಿಸಿಕೊಂಡೇ ಬಂದವಳು ಹುಬ್ಬು ಗಂಟಿಕ್ಕಿ ನಿಂತಳು. ಇನ್ನೊಮ್ಮೆ ನೆಕ್ಕಿದಳು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ, ಲೋಟ ತೋರಿಸಿ, ಕೈ ಆಡಿಸಿ ‘ಇಲ್ಲ’ ಎಂದು ತಿಳಿಸಿದಳು. ನೀರು ಹೊರಟುಹೋಗುತ್ತದೆ, ಸಿಹಿ ಉಳಿಯುತ್ತದೆ ಎಂಬ ಪಾಠವನ್ನು ನಾನು ಹಲಗೆಯ ಮೇಲೆ ಬರೆದು ಕಲಿಸಿದ್ದರೆ ಅವಳಿಗೆ ಅದು ಸಿಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ.

ಕೊನೆಯ ಎರಡು ವಾರ ಅಚ್ಚು ತೆಗೆಯುವುದು, ಕಾಗದ ಸುತ್ತುವುದು, ಚಿತ್ರ ಅಂಟಿಸುವುದು, ಎಳ್ಳಿನ ಜೊತೆ ಬೆರೆಸಿ ಬೀದಿಯ ಮನೆಗಳಿಗೆ ಹಂಚುವುದು. ಹತ್ತು ಕೆಜಿ ಕಬ್ಬಿಗೆ ಸುಮಾರು ಒಂದು ಕೆಜಿ ಬೆಲ್ಲ ಎಂದು ಆಲೆಮನೆಯವರು ಹೇಳಿದ್ದರು. ತಕ್ಕಡಿಯ ಒಂದು ಕಡೆ ಕಬ್ಬಿನ ಹೊರೆ, ಇನ್ನೊಂದು ಕಡೆ ಬೆಲ್ಲ ಇಟ್ಟಾಗ ತಕ್ಕಡಿ ದಡ್ಡನೆ ಒಂದೇ ಕಡೆ ಬಾಗಿದ್ದು ಮಕ್ಕಳಿಗೆ ಎಷ್ಟು ಹಿಡಿಸಿತೆಂದರೆ ಒಂದು ಬೆಳಗ್ಗೆಯೆಲ್ಲ ಅದನ್ನೇ ಮಾಡಿಸಿದರು.

ಮಾತೇ ಬಾರದ ಮಗು ಇದರಲ್ಲಿ ಏನು ಮಾಡುತ್ತದೆ?

ತಂದೆತಾಯಿಯ ಕಣ್ಣಲ್ಲಿ ಅತಿ ಹೆಚ್ಚು ಆತಂಕ ಕಾಣುವುದು ಈ ಪ್ರಶ್ನೆ ಕೇಳುವಾಗ. ಬೆಲ್ಲದ ಯೋಜನೆಯಲ್ಲಿ ಐದು ವರ್ಷದ ಒಬ್ಬ ಹುಡುಗನಿದ್ದ. ಮೊದಲ ದಿನ ಗೋಡೆ ನೋಡುತ್ತ ನಿಂತವನು ಅವನೇ. ಮಾತಿಲ್ಲ, ಹೆಸರು ಕರೆದರೆ ತಿರುಗುತ್ತಿರಲಿಲ್ಲ. ಆದರೆ ದ್ರವ ಸುರಿಯುವುದನ್ನು ನೋಡುವುದೆಂದರೆ ಅವನಿಗೆ ಪ್ರಾಣ, ನಲ್ಲಿಯ ಕೆಳಗೆ ಅರ್ಧ ಗಂಟೆ ಕೂರುತ್ತಿದ್ದ. ಕಬ್ಬಿನ ಹಾಲನ್ನು ಲೋಟಗಳಿಗೆ ಸುರಿಯುವಾಗ ಎಷ್ಟು ಎಂದು ಹೇಳುವ ಅಧಿಕಾರವನ್ನು ನಾವು ಅವನಿಗೆ ಕೊಟ್ಟೆವು. ಹಸಿರು ಕಾರ್ಡ್ ಎತ್ತಿದರೆ ‘ಹಾಕು’, ಕೆಂಪು ಎತ್ತಿದರೆ ‘ಸಾಕು’. ಅವನು ಎತ್ತುವವರೆಗೆ ಯಾರಿಗೂ ಹಾಲಿಲ್ಲ. ಮೊದಲೆರಡು ದಿನ ಕಾರ್ಡನ್ನು ಬಾಯಿಗಿಟ್ಟುಕೊಂಡ. ಮೂರನೇ ದಿನ, ಹತ್ತು ಮಕ್ಕಳು ಲೋಟ ಹಿಡಿದು ತನ್ನ ಮುಖವನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತು. ಹಸಿರು ಎತ್ತಿದ. ಸುರಿದೆವು. ಲೋಟ ತುಂಬಿ ಚೆಲ್ಲುವವರೆಗೂ ಅವನು ಕೆಂಪು ಎತ್ತಲಿಲ್ಲ, ನಾವೂ ನಿಲ್ಲಿಸಲಿಲ್ಲ. ಚೆಲ್ಲಿದ ಹಾಲು ತೊಡೆಗೆ ತಾಗಿದಾಗ ಕೆಂಪು ಮೇಲೇರಿತು.

ಐದನೇ ವಾರ ಒಂದು ದಿನ ಕಾರ್ಡುಗಳು ಕೈಗೆ ಸಿಗಲಿಲ್ಲ. ಅವನು ಅಂಗೈ ಅಡ್ಡ ಹಿಡಿದು ‘ಕಾ’ ಎಂದ. ಅದನ್ನು ‘ಸಾಕು’ ಎಂದು ನಾವು ಎಲ್ಲರೂ ಒಪ್ಪಿಕೊಂಡೆವು.

ಚಿತ್ರ ಕಾರ್ಡು, ಸನ್ನೆ, ಗುಂಡಿ ಒತ್ತಿದರೆ ಮಾತಾಡುವ ಸಾಧನ, ಮೊಬೈಲಿನ ಆ್ಯಪ್, ಯಾವುದನ್ನು ಬಳಸಿದರೂ ಮಗು ಮಾತು ಕಲಿಯುವುದನ್ನು ಬಿಟ್ಟುಬಿಡುತ್ತದೆ ಎಂಬ ಭಯ ಬೇಡ. ಸಂವಹನದ ದಾರಿ ಯಾವುದೇ ಇರಲಿ, ಅದು ತೆರೆದರೆ ಮಾತಿಗೆ ಅಡ್ಡಿಯಾಗುವುದಿಲ್ಲ.

ಹೀಗೆ ಮಾಡುತ್ತ ಹೋದರೆ ಅಕ್ಷರ, ಲೆಕ್ಕ ಕಲಿಯುವುದು ಯಾವಾಗ?

ಯೋಜನೆ ಮಾಡಿದರೆ ಅಕ್ಷರ ತಾನಾಗಿ ಬಂದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮಕ್ಕಳಲ್ಲಿ ಬಹುಪಾಲು ಜನರಿಗೆ ಹೊಸದೊಂದನ್ನು ಚಿಕ್ಕ ಚಿಕ್ಕ ಹಂತಗಳಾಗಿ ಬಿಡಿಸಿ, ಮಾಡಿ ತೋರಿಸಿ, ಜೊತೆಗೆ ಮಾಡಿಸಿ, ಹಲವು ಸಲ ಪುನರಾವರ್ತಿಸಿ ನೇರವಾಗಿಯೇ ಕಲಿಸಬೇಕು. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸುತ್ತೇವೆ.

ಯೋಜನೆಯಿಂದ ಎರಡು ಉಪಕಾರ. ಒಂದು, ಕಲಿತದ್ದಕ್ಕೆ ಅದೇ ದಿನ ಬಳಕೆ ಸಿಗುತ್ತದೆ. ‘ಬೆ’ ಅಕ್ಷರವನ್ನು ಕೂತು ಕಲಿತ ಮಗು ಅದನ್ನೇ ಬೆಲ್ಲದ ಪೊಟ್ಟಣದ ಮೇಲೆ ಅಂಟಿಸುತ್ತದೆ. ಇನ್ನೊಂದು, ಬೇಜಾರಾಗದ ಪುನರಾವರ್ತನೆ. ‘ಮೂರು’ ಎಂಬುದನ್ನು ಹಾಳೆಯ ಮೇಲೆ ಇಪ್ಪತ್ತು ಸಲ ಬರೆಸಿದರೆ ಮಗು ಪೆನ್ಸಿಲ್ ಎಸೆಯುತ್ತದೆ. ಪೊಟ್ಟಣಕ್ಕೆ ಮೂರು ಅಚ್ಚಿನಂತೆ ಇಪ್ಪತ್ತು ಪೊಟ್ಟಣ ಕಟ್ಟುವಾಗ ಇಪ್ಪತ್ತು ಸಲ ಮೂರನ್ನು ಎಣಿಸಿರುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ನೋಡಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಯೋಜನೆಯ ಪ್ರತಿ ಹಂತದ ಫೋಟೊ ತೆಗೆದು, ಕೆಳಗೆ ಒಂದೊಂದು ಪದ ಬರೆದು ಗೋಡೆಗೆ ಹಚ್ಚುತ್ತೇವೆ. ಆವಿಯ ಹನಿ ನೆಕ್ಕಿದ ಆ ಹುಡುಗಿ ಈಗ ‘ಕಬ್ಬು’, ‘ಬೆಲ್ಲ’, ‘ಒಲೆ’ ಪದಗಳನ್ನು ಚಿತ್ರವಿಲ್ಲದೆಯೂ ಗುರುತಿಸುತ್ತಾಳೆ.

ಯೋಜನೆ ಮಾಡುತ್ತಿದ್ದರೆ ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಬಿಡಬಹುದೇ?

ಬಿಡಬೇಡಿ. ಥೆರಪಿಸ್ಟ್ ಈ ತಿಂಗಳು ಯಾವ ಗುರಿ ಇಟ್ಟುಕೊಂಡಿದ್ದಾರೆ ಎಂದು ಕೇಳಿ ಬಂದು ನಮಗೆ ತಿಳಿಸಿ. ಅದನ್ನು ಮಗುವಿನ ಕೆಲಸದೊಳಗೆ ಹೆಣೆಯುವುದು ನಮ್ಮ ಹೊಣೆ.

ಸೆರೆಬ್ರಲ್ ಪಾಲ್ಸಿ ಇರುವ ಆರು ವರ್ಷದ ಹುಡುಗಿಯ ಎಡಗೈ ಸದಾ ಮುಷ್ಟಿ. ಬೆರಳು ಬಿಡಿಸುವ ವ್ಯಾಯಾಮ ಎಂದರೆ ಅಳು. ಬೆಲ್ಲ ಹುಯ್ಯುವ ಮೊದಲು ಮರದ ಅಚ್ಚಿನ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಬೆಲ್ಲ ಅಂಟಿಕೊಳ್ಳುತ್ತದೆ. ಆ ಕೆಲಸ ಅವಳದು. ಬಲಗೈಯಲ್ಲಿ ಹಲಗೆ ಹಿಡಿಯಬೇಕಾದ್ದರಿಂದ ಒರೆಸಲು ಎಡಗೈಯೇ ಗತಿ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬೆಚ್ಚನೆಯ ಬಟ್ಟೆಯನ್ನು ಅಂಗೈಗಿಟ್ಟಾಗ ಮುಷ್ಟಿ ತುಸು ಸಡಿಲವಾಗುತ್ತಿತ್ತು. ಒಂದು ಹಲಗೆ ಒರೆಸಲು ಹನ್ನೆರಡು ನಿಮಿಷ. ಉಳಿದ ಹತ್ತು ಮಕ್ಕಳೂ ಕಾದರು.

ಶಬ್ದ, ಜನ, ವಾಸನೆ ಯಾವುದೂ ನನ್ನ ಮಗನಿಗೆ ಆಗುವುದಿಲ್ಲ. ಹೊರಗೆ ಕರೆದುಕೊಂಡು ಹೋದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ.

ಅವನು ಹಟ ಮಾಡುತ್ತಿಲ್ಲ, ಅವನಿಗೆ ನಿಜಕ್ಕೂ ನೋವಾಗುತ್ತಿರುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಸಾಧಾರಣ ಸದ್ದೂ ತಡೆಯಲಾಗದಷ್ಟು ಜೋರಾಗಿ ತಟ್ಟುತ್ತದೆ.

ಆಲೆಮನೆಗೆ ಹೋಗುವ ಹತ್ತು ದಿನ ಮೊದಲೇ ನಾನು ಹೋಗಿ ಗಾಣದ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತಂದೆ. ತರಗತಿಯಲ್ಲಿ ಪಿಸುಮಾತಿನಷ್ಟು ಸಣ್ಣದಾಗಿ ಹಾಕಿ, ಗುಂಡಿಯನ್ನು ಮಗುವಿನ ಕೈಗೇ ಕೊಟ್ಟೆವು. ನಿಲ್ಲಿಸುವ ಹಕ್ಕು ತನ್ನ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಮಕ್ಕಳೇ ದಿನಕ್ಕಿಷ್ಟು ಎಂದು ಜೋರು ಮಾಡುತ್ತ ಹೋದರು. ಹೋಗುವ ದಿನ ಏನೇನು ನಡೆಯುತ್ತದೆ ಎಂದು ಆರು ಫೋಟೊಗಳ ಸಾಲು: ಆಟೊ, ಕಬ್ಬಿನ ರಾಶಿ, ಗಾಣ, ಕೊಪ್ಪರಿಗೆ, ಮರದ ನೆರಳು, ಮನೆ. ಮುಗಿದದ್ದನ್ನು ಮಗುವೇ ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತದೆ. ಕಿವಿಗೆ ಹೆಡ್‌ಫೋನ್. ಸಾಲದೆಂದರೆ ಹೊರಗೆ ಒಣಹಾಕಿದ ಕಬ್ಬಿನ ಸಿಪ್ಪೆಯ ರಾಶಿಯ ಬಳಿ ಕೂರಲು ಒಂದು ಜಾಗ. ಒಬ್ಬಳು ಅಂದು ಒಳಗೆ ಕಾಲಿಡಲೇ ಇಲ್ಲ. ಸಿಪ್ಪೆಯನ್ನು ಮಡಿಲ ತುಂಬ ತಂದಳು. ಮರುದಿನ ಎಲ್ಲರೂ ಮೂಸಿದ್ದು ಅವಳ ಸಿಪ್ಪೆಯನ್ನೇ.

ಶ್ರವಣ ಸಾಧನ ಹಾಕಿಕೊಳ್ಳುವ ಮಗುವಿಗೆ ಇಂಥ ಗದ್ದಲದ ಕೆಲಸದಲ್ಲಿ ಏನು ಕೇಳಿಸುತ್ತದೆ?

ಗದ್ದಲದಲ್ಲಿ ಬಹಳ ಕಡಿಮೆ. ಸಾಧನ ಮಾತನ್ನೂ ಗಾಣದ ಸದ್ದನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಆದ್ದರಿಂದ ಹೇಳುವುದನ್ನು ಗಾಣ ಶುರುವಾಗುವ ಮೊದಲು, ಒಂದೆರಡು ಅಡಿ ಹತ್ತಿರದಲ್ಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತು ಹೇಳಿ. ಸದ್ದು ಶುರುವಾದ ಮೇಲೆ ಚಿತ್ರ, ಸನ್ನೆ. ಕೆಲಸ ಮಾಡುವ ಕೈಯನ್ನೂ ಮಾತಾಡುವ ಬಾಯನ್ನೂ ಮಗು ಏಕಕಾಲಕ್ಕೆ ನೋಡಲಾರದು. ಮೊದಲು ಹೇಳಿ, ಆಮೇಲೆ ಮಾಡಿ ತೋರಿಸಿ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಇಡುವ ಸಾಧನ) ಆದ ಮಕ್ಕಳ ಹೊರಗಿನ ಯಂತ್ರವನ್ನು ಆವಿ, ಬೆವರು, ನೀರಿನಿಂದ ಕಾಪಾಡಿಕೊಳ್ಳಬೇಕು.

ಕಿವಿ ಮತ್ತು ಮಾತಿನ ವಿಚಾರದಲ್ಲಿ ನಾವು ಮಂಡ್ಯ–ಮೈಸೂರಿನವರು ಅದೃಷ್ಟವಂತರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇಲ್ಲಿದೆ. ಪರೀಕ್ಷೆ, ಥೆರಪಿ ಎರಡೂ ಅಲ್ಲಿ ಸಿಗುತ್ತವೆ. ಅಲ್ಲಿನ ಪೂರ್ವ ಪ್ರಾಥಮಿಕ ತರಗತಿಗಳಲ್ಲಿ ತಾಯಂದಿರಿಗೂ ಕಲಿಸುತ್ತಾರೆ. ಮಗು ಕರೆದರೆ ತಿರುಗುವುದಿಲ್ಲ ಎಂಬ ಸಂಶಯ ಬಂದರೆ ‘ಅವರ ತಾತನೂ ತಡವಾಗಿ ಮಾತಾಡಿದ್ದು’ ಎಂದು ಕಾಯಬೇಡಿ. ಈ ಒಂದು ವಾಕ್ಯ ಎಷ್ಟೋ ಮಕ್ಕಳ ಎರಡು ಮೂರು ವರ್ಷಗಳನ್ನು ಕಳೆದಿದೆ.

ಕಣ್ಣು ಕಾಣದ ಮಗು?

ಬೆಲ್ಲದಂಥ ಯೋಜನೆ ಆ ಮಗುವಿಗೆ ಹೇಳಿ ಮಾಡಿಸಿದಂತಿದೆ: ವಾಸನೆ, ಸದ್ದು, ಅಂಟು, ಗೆಣ್ಣು, ಸಿಹಿ. ಚಿತ್ರದ ಸಾಲಿನ ಬದಲು ವಸ್ತುಗಳ ಸಾಲು ಇಡಿ. ಆ ಮಗುವಿನ ಕೈಯನ್ನು ಹಿಡಿದೆಳೆದು ವಸ್ತುವಿನ ಮೇಲೆ ಒತ್ತಬೇಡಿ. ನಿಮ್ಮ ಕೈಯನ್ನು ಅದರ ಕೈಯ ಕೆಳಗಿಟ್ಟು ನಿಧಾನವಾಗಿ ಕರೆದೊಯ್ಯಿರಿ. ಬೇಡವೆನಿಸಿದಾಗ ಕೈ ಹಿಂದಕ್ಕೆ ತೆಗೆಯುವ ಸ್ವಾತಂತ್ರ್ಯ ಆಗ ಮಗುವಿಗೆ ಉಳಿಯುತ್ತದೆ.

ನನ್ನ ಮಗನಿಗೆ ರೈಲು ಬಿಟ್ಟರೆ ಬೇರೆ ಏನೂ ಬೇಡ. ಅದನ್ನು ಬಿಡಿಸುವುದು ಹೇಗೆ?

ಬಿಡಿಸಬೇಡಿ, ಹತ್ತಿಸಿಕೊಂಡು ಹೋಗಿ. ಇಷ್ಟೊಂದು ಆಸಕ್ತಿ ತಾನಾಗಿ ಉಕ್ಕುವ ಜಾಗ ಇನ್ನೊಂದಿಲ್ಲ. ನಮ್ಮಲ್ಲಿ ಅಂಥ ಹುಡುಗನಿಗಾಗಿಯೇ ಒಂದು ಯೋಜನೆ ಮಾಡಿದೆವು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ, ನಿಲ್ದಾಣದ ಹತ್ತಿರವೇ. ಹಳೆಯ ಉಗಿಬಂಡಿಗಳನ್ನು ಹತ್ತಿರದಿಂದ ನೋಡಬಹುದು, ಮಕ್ಕಳ ಪುಟ್ಟ ರೈಲೂ ಓಡುತ್ತದೆ. ಮಂಡ್ಯದಿಂದ ಪ್ಯಾಸೆಂಜರ್ ರೈಲಿನಲ್ಲೇ ಹೋದೆವು. ಟಿಕೆಟ್ ಕೇಳಿ ಪಡೆಯುವುದು ಅವನ ಕೆಲಸ. ಕಿಟಕಿಯ ಮುಂದೆ ‘ಮೈಸೂರು, ಒಂಬತ್ತು’ ಎನ್ನಲು ಎರಡು ವಾರ ತರಗತಿಯಲ್ಲಿ ಹಲಗೆ ಕಿಟಕಿ ಮಾಡಿ ಅಭ್ಯಾಸ ನಡೆದಿತ್ತು. ರೈಲಿನ ಬಗ್ಗೆ ಮಾತ್ರ ಮಾತಾಡುವ ಮಗು ರೈಲಿಗಾಗಿ ಸಾಲಿನಲ್ಲಿ ನಿಲ್ಲುತ್ತದೆ, ಹಣ ಎಣಿಸುತ್ತದೆ, ಗುರುತಿಲ್ಲದವರ ಮುಖ ನೋಡುತ್ತದೆ.

ನಾನು ಪಕ್ಕದಲ್ಲಿ ಕೂತು ಕೈ ಹಿಡಿದು ಮಾಡಿಸಿದರೆ ಬೇಗ ಮುಗಿಯುತ್ತದೆ. ಮಾಡಿಸಬಹುದೇ?

ಬೇಗ ಮುಗಿಯುತ್ತದೆ, ಆದರೆ ಮಾಡಿದವರು ನೀವು. ತಾಯಂದಿರಿಗೆ ಇದನ್ನು ಹೇಳುವಾಗ ನನಗೂ ಸಂಕಟವಾಗುತ್ತದೆ, ಏಕೆಂದರೆ ವರ್ಷಗಟ್ಟಲೆ ಆ ಕೈಗಳೇ ಮಗುವನ್ನು ಉಣಿಸಿ, ತೊಳೆಸಿ, ಎತ್ತಿ ಸಾಕಿವೆ. ನಾವು ಹೇಳಿಕೊಡುವ ಕ್ರಮ ಹೀಗಿದೆ. ಕೆಲಸ ಮುಂದಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ. ಆಗಲಿಲ್ಲವೇ, ಬೆರಳು ತೋರಿಸಿ, ಮತ್ತೆ ಹತ್ತು. ಆಮೇಲೆ ಒಂದು ಪದದಲ್ಲಿ ಹೇಳಿ. ಆಮೇಲೆ ನೀವು ಒಮ್ಮೆ ಮಾಡಿ ತೋರಿಸಿ. ಎಲ್ಲ ಮುಗಿದ ಮೇಲೆ ಮಾತ್ರ ಮೊಣಕೈಗೆ ಮೆಲ್ಲನೆ ಆಸರೆ ಕೊಡಿ. ಮರುದಿನ ಆ ಆಸರೆಯನ್ನು ತುಸು ಕಡಿಮೆ ಮಾಡಿ. ಹತ್ತು ಎಣಿಸುವುದು ಕೇಳಲು ಸುಲಭ. ಎದುರಿಗೆ ಮಗು ತಡಕಾಡುತ್ತಿರುವಾಗ ನಾಲ್ಕಕ್ಕೇ ನಮ್ಮ ಕೈ ಮುಂದೆ ಹೋಗಿರುತ್ತದೆ.

ಸರ್ಕಾರಿ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ನಾನೊಬ್ಬಳೇ. ಅದರಲ್ಲಿ ಇಬ್ಬರು ವಿಶೇಷ ಮಕ್ಕಳು. ಹೇಗೆ ಸಾಧ್ಯ?

ನಿಮ್ಮ ಪರಿಸ್ಥಿತಿಯ ಭಾರ ನನಗೆ ಗೊತ್ತು. ಆರು ವಾರದ ಯೋಜನೆ ಬೇಡ. ವಾರಕ್ಕೆ ಎರಡು ಅವಧಿ, ಶಾಲೆಯ ಆವರಣದೊಳಗೇ ಮುಗಿಯುವಂಥದ್ದು ಹಿಡಿಯಿರಿ: ಕೈತೋಟದ ಒಂದು ಪಾತಿ, ಬಿಸಿಯೂಟದ ಅಡುಗೆಮನೆ, ಶಾಲೆಯ ನೀರಿನ ತೊಟ್ಟಿ. ಐದು ಐದು ಮಕ್ಕಳ ಗುಂಪು ಮಾಡಿ. ಆ ಇಬ್ಬರನ್ನು ಬೇರೆ ಬೇರೆ ಗುಂಪಿಗೆ ಹಾಕಿ, ಗುಂಪಿನಲ್ಲಿ ಎಲ್ಲಕ್ಕಿಂತ ಮೊದಲು ಅವರ ಕೆಲಸವನ್ನು ನಿಶ್ಚಯಿಸಿ. ಉಳಿದವರ ಕೆಲಸ ಅದರ ಸುತ್ತ ಹೊಂದಿಕೊಳ್ಳಲಿ. ‘ಅವನಿಗೂ ಏನಾದರೂ ಕೊಡೋಣ’ ಎಂದು ಕೊನೆಯಲ್ಲಿ ಯೋಚಿಸಿದರೆ ಅವನ ಪಾಲಿಗೆ ಬಣ್ಣದ ಹಾಳೆ ಹಿಡಿದು ನಿಲ್ಲುವ ಕೆಲಸವೇ ಬರುತ್ತದೆ.

ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ, ಬಿಐಇಆರ್‌ಟಿ ಎನ್ನುತ್ತಾರೆ. ಅವರನ್ನು ಮಗುವಿನ ದಾಖಲೆ ತುಂಬಲು ಮಾತ್ರ ಕರೆಯದೆ, ‘ಈ ಪಾತಿಯ ಕೆಲಸದಲ್ಲಿ ಇವಳಿಗೆ ಏನು ಕೊಡಲಿ?’ ಎಂದು ಕೇಳಿ.

ಖರ್ಚು ಎಷ್ಟು?

ಆಲೆಮನೆಗೆ ಹೋಗಿ ಬರುವ ಆಟೊ ಬಾಡಿಗೆಯೇ ದೊಡ್ಡದು. ಕಬ್ಬನ್ನು ಒಬ್ಬ ಮಗುವಿನ ತಾತ ಗದ್ದೆಯಿಂದ ತಂದುಕೊಟ್ಟರು. ಪೆನ್ಸಿಲ್, ಸೌಟಿನ ಹಿಡಿ ದಪ್ಪವಾಗಲು ಹಳೆಯ ಬಟ್ಟೆ ಸುತ್ತಿ ದಾರ ಬಿಗಿದರೆ ಸಾಕು, ಅಂಗಡಿಯ ಸಾಧನ ಬೇಡ.

ಅಪಾಯವಿಲ್ಲವೇ?

ಇದೆ, ಕಣ್ಣು ಬಿಟ್ಟುಕೊಂಡೇ ಇರಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಬಳಸುತ್ತಾರೆ. ಅದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮಕ್ಕಳು ಬರುವ ಮೊದಲು ಅದನ್ನು ಎತ್ತಿಡಿಸಿ. ಕೊಪ್ಪರಿಗೆಯ ಬಳಿ ಒಬ್ಬ ಮಗುವಿಗೆ ಒಬ್ಬ ದೊಡ್ಡವರು, ಕೈ ಬಿಡದೆ. ಗಾಣ ತಿರುಗುವಾಗ ಶಾಲು, ದುಪಟ್ಟಾ, ಜೋಲಾಡುವ ದಾರ ಯಾವುದೂ ಇರಬಾರದು. ನುಂಗಲು ಕಷ್ಟಪಡುವ ಮಗುವಿಗೆ ಕಬ್ಬು ಜಗಿಯಲು ಕೊಡಬೇಡಿ, ಸಿಪ್ಪೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನೀರಿನಂಥ ಹಾಲು ಕೂಡ ಕೆಲವರಿಗೆ ಶ್ವಾಸನಾಳಕ್ಕೆ ಹೋಗುತ್ತದೆ. ಥೆರಪಿಸ್ಟ್ ಹೇಳಿದಷ್ಟು ಗಟ್ಟಿ ಮಾಡಿಯೇ ಕುಡಿಸಬೇಕು. ಫಿಟ್ಸ್ ಬರುವ ಮಗುವನ್ನು ನೀರು, ಬೆಂಕಿಯ ಹತ್ತಿರ ಕ್ಷಣವೂ ಒಂಟಿಯಾಗಿ ಬಿಡಬೇಡಿ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಕ್ಕಳಿದ್ದರೆ ಬೀಜದ ಯೋಜನೆಯಲ್ಲಿ ಹರಳುಬೀಜ ತರಲೇಬೇಡಿ, ಅದು ವಿಷ.

ನನ್ನ ಮಗು ಮುಂದೆ ಹೋಗುತ್ತಿದೆ ಎಂದು ತಿಳಿಯುವುದು ಹೇಗೆ? ಅಂಕಪಟ್ಟಿ ಇದೆಯೇ?

ಅಂಕ ಇಲ್ಲ. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಶೈಕ್ಷಣಿಕ ಯೋಜನೆ ಇರುತ್ತದೆ, ಐಇಪಿ ಎನ್ನುತ್ತೇವೆ. ಅದರಲ್ಲಿ ಮೂರೋ ನಾಲ್ಕೋ ಗುರಿಗಳನ್ನು ಎಣಿಸಬಹುದಾದ ಹಾಗೆ ಬರೆದಿರುತ್ತೇವೆ. ‘ಸಂವಹನ ಸುಧಾರಿಸಬೇಕು’ ಎಂದು ಬರೆದರೆ ಸುಧಾರಿಸಿತೋ ಇಲ್ಲವೋ ಯಾರಿಗೂ ತಿಳಿಯದು. ‘ಸಾಕು ಎಂದು ಕಾರ್ಡ್, ಸನ್ನೆ ಅಥವಾ ಸದ್ದಿನಿಂದ, ಹತ್ತರಲ್ಲಿ ಆರು ಸಲ, ನೆನಪಿಸದೆ ತಿಳಿಸುವುದು’ ಎಂದು ಬರೆದರೆ ಶುಕ್ರವಾರ ಎಣಿಸಬಹುದು. ಜೊತೆಗೆ ಪ್ರತಿ ವಾರ ಅದೇ ಕೆಲಸದ ಅರ್ಧ ನಿಮಿಷದ ವಿಡಿಯೊ. ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಮೊದಲ ವಾರದ್ದನ್ನೂ ಆರನೇ ವಾರದ್ದನ್ನೂ ಒಟ್ಟಿಗೆ ತೋರಿಸಿದಾಗ ಅಪ್ಪಂದಿರು ಮೊಬೈಲ್ ಹಿಡಿದು ಎದ್ದು ಹೊರಗೆ ಹೋಗಿಬಿಡುತ್ತಾರೆ, ಕಣ್ಣು ಒರೆಸಿಕೊಳ್ಳಲು.

ಕೆಲವು ಗುರಿಗಳು ಆರು ವಾರವಾದರೂ ಅಲುಗುವುದಿಲ್ಲ. ಆಗ ಗುರಿಯನ್ನು ಚಿಕ್ಕದು ಮಾಡುತ್ತೇವೆ ಅಥವಾ ದಾರಿ ಬದಲಿಸುತ್ತೇವೆ. ಮಗುವಿನ ಮೇಲೆ ದೂರು ಬರೆಯುವುದಿಲ್ಲ.

ಶಾಲೆಗಳು ಸೇರಿಸಿಕೊಳ್ಳಲು ಒಪ್ಪುತ್ತಿಲ್ಲ. ಕಾನೂನು ಏನು ಹೇಳುತ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಪ್ರವೇಶ ಕೊಡಬೇಕೆಂದು 16ನೇ ಕಲಂ ಹೇಳುತ್ತದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು 31ನೇ ಕಲಂ ಕೊಟ್ಟಿದೆ. ಆರು ವರ್ಷ ತುಂಬುವ ಮೊದಲು ಅಂಗನವಾಡಿಗೆ ಕಳಿಸಿ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಕೊಡಿ. ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿಕೊಳ್ಳಲು ಸಂಕೋಚಪಡಬೇಡಿ. ‘ಮಗುವಿಗೆ ಮುದ್ರೆ ಬೀಳುತ್ತದೆ’ ಎಂದು ತಡ ಮಾಡಿದ ಮನೆಗಳಲ್ಲಿ ಸೌಲಭ್ಯಗಳೂ ತಡವಾದವು.

ಕೊನೆಯಲ್ಲಿ ವೇದಿಕೆಯ ಕಾರ್ಯಕ್ರಮ ಇರುತ್ತದೆಯೇ? ನೆಂಟರನ್ನು ಕರೆಯಬಹುದೇ?

ವೇದಿಕೆ ಇಲ್ಲ. ಮೈಕು, ದೀಪ, ಚಪ್ಪಾಳೆಗಳ ನಡುವೆ ಕಲಿತದ್ದೆಲ್ಲ ಮರೆತು ಅಳುವ ಮಕ್ಕಳನ್ನು ನೋಡಿ ಸಾಕಾಗಿದೆ. ನೆಂಟರು ಬರಲಿ, ಒಂದು ಸಲಕ್ಕೆ ಮೂವರಂತೆ, ಮಕ್ಕಳು ಕೆಲಸ ಮಾಡುವ ಹೊತ್ತಿಗೆ. ಅತಿಥಿಯ ಲೋಟಕ್ಕೂ ಹಾಲು ಬೀಳಬೇಕಾದರೆ ಹಸಿರು ಕಾರ್ಡ್ ಏಳಬೇಕು.

ಯೋಜನೆ ಕೈಕೊಟ್ಟರೆ?

ಕೈಕೊಟ್ಟಿದೆ. ಮೊದಲ ವರ್ಷ ಹೂವಿನ ಯೋಜನೆಗೆಂದು ಮೈಸೂರಿನ ಒಂದು ಮಾರುಕಟ್ಟೆಗೆ ಎಲ್ಲ ಮಕ್ಕಳನ್ನೂ ಒಂದೇ ದಿನ ಕರೆದುಕೊಂಡು ಹೋಗಿದ್ದೆ, ಅದೂ ಹಬ್ಬದ ಹಿಂದಿನ ದಿನ. ಹೂ ರಾಶಿ ಚೆನ್ನಾಗಿ ಕಾಣುತ್ತದೆ ಎಂದು ನಾನು ಆರಿಸಿದ ದಿನ ಅದು. ಹತ್ತು ನಿಮಿಷಕ್ಕೆ ಇಬ್ಬರು ನೆಲಕ್ಕೆ ಬಿದ್ದು ಅತ್ತರು, ಒಬ್ಬಳು ಗುಂಪಿನಲ್ಲಿ ಕೈ ಬಿಡಿಸಿಕೊಂಡಳು. ಸಿಕ್ಕಿದ್ದು ಮೂರು ನಿಮಿಷದ ನಂತರ, ಒಬ್ಬ ಹೂವಾಡಗಿತ್ತಿಯ ಬುಟ್ಟಿಯ ಹಿಂದೆ. ಆ ಮೂರು ನಿಮಿಷ ನನಗೆ ಈಗಲೂ ಮರೆತಿಲ್ಲ. ಯೋಜನೆಯನ್ನು ಅಲ್ಲಿಗೇ ನಿಲ್ಲಿಸಿದೆವು. ಗುಂಪು ಚಿಕ್ಕದಿರಬೇಕು, ನಾನು ಮೊದಲು ಹೋಗಿ ನೋಡಿ ಬರಬೇಕು, ಜನ ಕಡಿಮೆ ಇರುವ ಹೊತ್ತೇ ಆಗಬೇಕು ಎಂಬ ಮೂರು ನಿಯಮಗಳು ಆ ದಿನ ಹುಟ್ಟಿದವು.

ಎರಡು ತಿಂಗಳ ನಂತರ ಆ ಹೂವಾಡಗಿತ್ತಿಯೇ ಒಂದು ಮಂಗಳವಾರ ಮಧ್ಯಾಹ್ನ ನಮ್ಮ ತರಗತಿಗೆ ಬಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಾಳೆನಾರು, ಅರ್ಧ ಕೆಜಿ ಮಲ್ಲಿಗೆ ಮೊಗ್ಗು. ಕೈ ಬಿಡಿಸಿಕೊಂಡು ಹೋಗಿದ್ದ ಹುಡುಗಿ ಬಾಗಿಲಲ್ಲೇ ಅವರನ್ನು ಗುರುತು ಹಿಡಿದು, ಹೋಗಿ ಬುಟ್ಟಿಯ ಹಿಂದೆ ಕೂತಳು. ಅಂದು ಮೊಗ್ಗುಗಳನ್ನು ಜೋಡಿ ಜೋಡಿಯಾಗಿ ಎತ್ತಿಕೊಟ್ಟವಳು ಅವಳೇ.